ಒಂದಂಗುಲಕ್ಕೆ ಎಂಟಡಿ

ಮಾಮೂಲ್‌ಪೇಟೆಯ ಮಣಿಯಂಗಡಿಯಲ್ಲಿ ಕೇಳಿದೆ:
ಲಾಟೀನಿಗೆ ಆಗುವಂಥ ಮಣಿ ಇದೆಯೇನಪ್ಪಾ?
ಹುಡುಗ ಲಾಟೀನು ಕಂಡವನಲ್ಲ. ಡಬ್ಬಿ ಮೇಲೆ ಡಬ್ಬಿ ಇಳಿಸಿದ,
ಬ್ಲೌಸು ಯಾವ ಬಣ್ಣ ಆಂಟಿ, ಅಂದ.
ಬ್ಲೌಸಲ್ಲ, ಹಡಗು.
ಅವನು ನನ್ನ ಕಾಲ ಬುಡ ನೋಡಿದ,
ಸೀರೆಯಂಚು ಒದ್ದೆಯಾಗಿದೆಯೋ ಎಂಬಂತೆ.

ಇಲ್ಲಪ್ಪ. ಇದ್ದೊಂದು ಕೆರೆಗೆ
ಅಂಬುಧಿ ಎಂದು ಹೆಸರಿಟ್ಟು, ಆಮೇಲೆ ಅದರ ಮೇಲೆ
ಬಸ್ಸು ನಿಲ್ಲಿಸಿದ ಊರು ನಮ್ಮದು.

ಮೂವತ್ತೊಂದು ವರ್ಷ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಕೂದಲಿನಂಥ ಸುರುಳಿಗಳನ್ನು ಕೂರಿಸಿದ ಚಿಮಟ ಇದು.
ಬೀಗ ಬಿದ್ದ ದಿನ ನನ್ನ ಪರ್ಸಿನಲ್ಲಿ ಮನೆಗೆ ಬಂತು.
ಕದ್ದೆ ಅನ್ನಿ, ಅಡ್ಡಿಯಿಲ್ಲ.

ಕಲಾಸಿಪಾಳ್ಯದ ಲಾರಿ ಬುಕಿಂಗಿನ ಮೋನಬ್ಬ
ನಿಂತ ಗಡಿಯಾರ ತಂದವರು ಚಿಮಟ ನೋಡಿ
ಗಡಿಯಾರ ಮರೆತರು.
ಅವರ ಬಾಪಾಂದು ಒಂದು ಮಂಜಿ ಇತ್ತಂತೆ.
ಮಂಗಳೂರಿಂದ ದ್ವೀಪಕ್ಕೆ ಹಂಚು, ದ್ವೀಪದಿಂದ ಧಕ್ಕೆಗೆ ತೆಂಗಿನಕಾಯಿ.
ಒಡಲು ನಾನೇ ಕೆತ್ತಿದ್ದೇನೆ ಮೇಡಂ, ಸಾಮಾನು ನಿಮ್ಮದು.
ಒಂದಂಗುಲಕ್ಕೆ ಎಂಟಡಿ. ಜನ ಬೇಡ;
ಅಷ್ಟು ಸಣ್ಣದಾದರೆ ಜನ ಗೊಂಬೆಯಾಗಿಬಿಡುತ್ತಾರೆ.

ಹಗ್ಗ: ಚಿಕ್ಕಪೇಟೆಯ ದಾರ, ಎರಡನೇ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ.
ಹುಟ್ಟು: ಪೊರಕೆ ಕಡ್ಡಿ, ತುದಿ ಜಜ್ಜಿ.
ಹಂಚಿಗೆ ಯಾರದೋ ಮದುವೆಯ ಕೆಂಪು ಕಾಗದ:
ಆರುನೂರು ತುಂಡು, ಬೆರಳು ಬೊಬ್ಬೆ.
ವಧೂವರರ ಹೆಸರು ಈಗ ಅಕ್ಷರ ಅಕ್ಷರವಾಗಿ
ಹಂಚುಗಳ ಅಡಿಯಲ್ಲಿದೆ, ಒಟ್ಟಿಗೇ ಇದೆ ಅಂದುಕೊಂಡಿದ್ದೇನೆ.

ನಗರ್ತಪೇಟೆಯ ಅಕ್ಕಸಾಲಿಗ ತುಂಡು ಸರಪಳಿ ಎತ್ತಿ
ಎಷ್ಟು ಗ್ರಾಮು, ಅಂದ.
ಹನ್ನೆರಡಾಳು ಆಳಕ್ಕೆ, ಅಂದೆ.
ವಿವರಿಸಿದ ಮೇಲೆ ನಗದೆ, ಮರುಪ್ರಶ್ನೆ ಕೇಳದೆ,
ಸರಿಯಾಗಿ ಒಂದು ಗೇಣು ಕತ್ತರಿಸಿ ಕೊಟ್ಟ.
ಲಂಗರು ಊರಿದರೆ ಆ ಕಡೆ ಅವನಿದ್ದಾನೆ.

ತೆಂಗಿನಕಾಯಿ ಸುಲಭ ಅಂದುಕೊಂಡಿದ್ದೆ. ಸಾಸಿವೆ.
ಗೋಂದು ಸ್ವಲ್ಪ ನೀರಾಯಿತೋ ಏನೋ, ನಾಲ್ಕನೆಯ ದಿನ
ರಾಶಿಯಲ್ಲೊಂದು ಕಾಯಿ ಮೊಳಕೆಯೊಡೆದಿತ್ತು,
ನಮ್ಮ ಅಳತೆಗೆ ಎರಡಾಳೆತ್ತರದ ಹಸಿರು,
ಪಟಸ್ತಂಭದ ಪಕ್ಕ.
ಕೀಳುವಾಗ ಪಾಪ ಅನ್ನಿಸಿತು.
ಮಿಕ್ಕವನ್ನು ಬಾಣಲೆಯಲ್ಲಿ ಹುರಿದೆ,
ಸಿಡಿಯುವುದಕ್ಕೆ ಒಂದು ಉಸಿರು ಮುಂಚೆ ಇಳಿಸಿ.
ಇದು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಎಲ್ಲ ಮುಗಿದ ಮೇಲೆ ಧಕ್ಕೆ ನೋಡಿದೆ.
ಬುಟ್ಟಿ, ಚೀಲ, ರಾಟೆ, ಲಾಟೀನು.
ಅಚ್ಚುಕಟ್ಟು; ಪೊಲೀಸರು ಎಲ್ಲರನ್ನೂ ಓಡಿಸಿದ ಸಂತೆಯ ಹಾಗೆ.

ಜನ ಬೇಡ ಅಂದಿದ್ದರು. ಚಪ್ಪಲಿ ಬೇಡ ಅಂದಿರಲಿಲ್ಲ.

ಒಡೆದ ಬಲೂನಿನ ನೀಲಿ ರಬ್ಬರು, ಎಳ್ಳಿಗಿಂತ ಚಿಕ್ಕದು, ಒಂದು ಜೊತೆ.
ಪಟ್ಟಿಗೆ ನನ್ನದೇ ನರೆಗೂದಲು.
ಮೂರು ಸಲ ಹಾರಿಹೋಯಿತು, ಫ್ಯಾನು ಆರಿಸಿ
ಉಸಿರು ಹಿಡಿದು, ಹತ್ತುವ ಹಲಗೆಯ ಬುಡದಲ್ಲಿ ಬಿಟ್ಟೆ.
ಬಿಲ್ಲಿನಲ್ಲಿ ಬರೆಯಲಿಲ್ಲ.

ಹದಿನಾರು ದಿನ ಸುದ್ದಿಯಿಲ್ಲ.
ಆಮೇಲೊಂದು ರಾತ್ರಿ ಹನ್ನೊಂದಕ್ಕೆ ಫೋನು,
ಹಿಂದೆ ಲಾರಿಯೊಂದು ರಿವರ್ಸು ಹೋಗುತ್ತಿತ್ತು.
‘ಮೇಡಂ, ಇದು ಯಾರದ್ದು?’
‘ಹತ್ತಿ ಹೋದವರದ್ದು.’
‘ಒಳಗೆ ಇದ್ದಾರಾ?’
‘ಇರಬೇಕು. ಚಪ್ಪಲಿ ಇದೆಯಲ್ಲ.’

ಲಾರಿ ನಿಂತಿತು. ಯಾರೋ ಬಾಗಿಲು ಹಾಕಿದರು.
‘ಎಡಗಾಲಿನದ್ದು ಚೂರು ಓರೆ ಬೇಕಿತ್ತು ಮಾರಾಯ್ರೆ,’ ಅಂದರು,
‘ಅವರು ಬಿಡುತ್ತಿದ್ದದ್ದು ಹಾಗೆ.
ನನ್ನ ಕೈ ತೋರ ಉಂಟು.
ನಾಳೆ ಬರುವಾಗ ಚಿಮಟ ತನ್ನಿ.’